ಝಾಡಿಸದೆ ಸುತ್ತಿದ ಕೌದಿ

ಬೆಕ್ಕಿನ ಮರಿ ಕೌದಿಯೊಳಗೆ ಮಲಗಿದರೆ ಉಸಿರುಗಟ್ಟುತ್ತದೋ ಇಲ್ಲವೋ ಎಂದು ಖಾನಾಪುರದ ನಮ್ಮ ಮನೆಯಲ್ಲಿ ಒಂದು ವಾರ ಜಗಳ ನಡೆದಿತ್ತು. ಮರಿ ನನ್ನ ಮಗಳದು, ಅಂಗೈಯಷ್ಟಿತ್ತು. ಚಳಿಗೆ ಅವಳ ಕಾಲ ಬಳಿ ನುಸುಳಿ ಒಳಗೇ ಮುದುಡಿಕೊಳ್ಳುತ್ತಿತ್ತು. ಕೌದಿ ಎಂದರೆ ಅತ್ತೆ ತಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು. ಹೊದ್ದವರು ಮಗ್ಗುಲಾಗಲೂ ಯೋಚಿಸಬೇಕು, ಅಷ್ಟು ಭಾರ.

"ಸಣ್ಣ ಜೀವ ಬೇ ಅದು. ಬುಟ್ಟ್ಯಾಗ ಮಲಗಸು," ಎನ್ನುತ್ತಿದ್ದರು ಅತ್ತೆ.

ನನಗೋ ಬಾಯಿ ಜಾಸ್ತಿ. ದನದ ದವಾಖಾನೆಯ ಡಾಕ್ಟರನ್ನೇ ಕೇಳಿಕೊಂಡು ಬಂದೆ. "ಅಂಚು ಸಡಿಲ ಇರಲ್ರಿ. ಹೊರಗ ಬರಾಕ ದಾರಿ ಇದ್ರ ಬೆಕ್ಕು ತಾನಾಗೇ ಬರ್ತೈತಿ. ಮರಿ ಇದ್ರ ಮಾತ್ರ ಹಗುರಂದು ಹೊಚ್ರಿ, ಮ್ಯಾಲೆ ಭಾರ ಬೀಳಬಾರದು," ಎಂದಿದ್ದರು. ಮನೆಗೆ ಬಂದು ಮೊದಲ ಅರ್ಧವಷ್ಟೇ ಹೇಳಿದೆ. ಗೆಲ್ಲಬೇಕಿತ್ತಲ್ಲ! "ಡಾಕ್ಟರಗಿಂತ ನಿಮಗ ಹೆಚ್ಚು ಗೊತ್ತೈತೇನ್ರಿ?" ಎಂದೂ ಸೇರಿಸಿದೆ. ಅತ್ತೆ ಬುಟ್ಟಿಯನ್ನು ಎತ್ತಿ ಅಟ್ಟಕ್ಕೆ ಇಟ್ಟರು.

ನಮ್ಮಲ್ಲಿ ಬೆಳಗ್ಗೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ನೆಲದ ಮೇಲೆ ಹಾಸಿಗೆ ಇರಬಾರದು. ಕೌದಿಗಳನ್ನು ಸುತ್ತಿ ಟ್ರಂಕಿನ ಮೇಲೆ ಒಂದರ ಮೇಲೊಂದು ಒಟ್ಟಬೇಕು. ಇದು ಅತ್ತೆಯ ಕೆಲಸ. ಚೇಳು ಗೀಳು ಇದ್ದೀತೆಂದು ಒಂದೊಂದನ್ನೂ ಬಾಗಿಲಿಗೆ ಒಯ್ದು ಎರಡು ಸಲ ಕೊಡವಿ ಝಾಡಿಸಿಯೇ ಸುತ್ತುತ್ತಿದ್ದರು. ಆ ನಿಧಾನ ನೋಡಿದರೆ ನನಗೆ ಮೈಯೆಲ್ಲ ಉರಿ. ನನಗೆ ಬೆಳಗಾವಿಯ ಬಸ್ಸು, ಅನಗೋಳದ ಕಚೇರಿ, ತಡವಾದರೆ ಸಾಹೇಬರ ಮೋರೆ.

ಆ ದಿನ ಅತ್ತೆ ಇನ್ನೂ ಬಚ್ಚಲಲ್ಲಿದ್ದರು, ಮಗಳು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಳು. ನಾನೇ ಸರಸರನೆ ಸುತ್ತಿದೆ. ಝಾಡಿಸಲು ಪುರುಸೊತ್ತೆಲ್ಲಿ? ಮಗಳ ಕೌದಿ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಮೂರು, ಮೇಲೊಂದು ಗಾದಿ. ಚಪ್ಪಲಿ ಮೆಟ್ಟಿ ಓಡಿದೆ.

ಬಸ್ಸು ಪೀರನವಾಡಿ ಮುಟ್ಟುವಾಗ ಮಗಳ ಫೋನು. "ಅವ್ವಾ, ಮರಿ ಕಾಣವಲ್ದು."

"ಎಲ್ಲಿ ಹೋಗತೈತಿ? ಅಟ್ಟದ ಮ್ಯಾಲೆ ನೋಡು," ಎಂದು ಗದರಿಸಿ ಇಟ್ಟೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಕೌದಿ ಸುತ್ತುವಾಗ ಬೆಚ್ಚಗಿತ್ತಲ್ಲ? ಈಗಷ್ಟೇ ಎದ್ದ ಹಾಸಿಗೆ ಬೆಚ್ಚಗೇ ಇರುತ್ತದೆ. ಕೈಗೆ ಮೆತ್ತಗೆ ಏನೋ ಸಿಕ್ಕಿತ್ತೇ? ಇಲ್ಲ. ಸಿಕ್ಕಿತ್ತೇ? ಮನೆಗೆ ಫೋನು ಹಚ್ಚಿದೆ, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಇಬ್ಬರೂ ಓಣಿಯಲ್ಲಿ ಹುಡುಕುತ್ತಿದ್ದರಂತೆ. ನಾನು ಅನಗೋಳದಲ್ಲಿ ಇಳಿದ ಮೇಲೆ ಅತ್ತೆ ಸಿಕ್ಕರು.

"ಅತ್ತೀ, ಕೆಳಗಿನ ಕೌದಿ ಬಿಚ್ಚಿ ನೋಡ್ರಿ. ನಾ ಝಾಡಸಲಾರದ ಸುತ್ತೇನ್ರಿ."

ಗಾದಿ ಧೊಪ್ಪೆಂದು ಬಿದ್ದದ್ದು ಕೇಳಿಸಿತು. ಕೆಳಗಿನ ಕೌದಿ ಬಿಚ್ಚಿ, "ಜೀವ ಹೋಗೇತವ್ವಾ," ಎಂದರು.

ಕಚೇರಿಗೆ ಹೋಗದೆ ತಿರುಗಿ ಬಸ್ಸು ಹತ್ತಿದೆ. ಮಗಳಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಕೆಡಿಸಿದೆ, ಮತ್ತೆ ಜೋಡಿಸಿದೆ. ಮನೆಗೆ ಬಂದರೆ, ಶಾಲೆಗೆ ಹೋಗದೆ ಕೂತಿದ್ದ ಮಗಳು ಅಜ್ಜಿಯ ಮೇಲೆ ಹರಿಹಾಯುತ್ತಿದ್ದಳು.

"ಝಾಡಿಸಿ ಸುತ್ತಬೇಕು ಅಂತ ನಿನಗ ಗೊತ್ತಿಲ್ಲೇನ ಆಯಿ? ಕೊಂದಬಿಟ್ಟಿ!"

"ಮರತೆ ನನ್ನವ್ವಾ. ವಯಸ್ಸಾತು," ಎಂದರು ಅತ್ತೆ, ನನ್ನ ಕಡೆ ನೋಡದೆ.

ನಾನು ಬಾಯಿ ತೆರೆದೆ. ಜೋಡಿಸಿಕೊಂಡು ಬಂದ ಮಾತಿನಲ್ಲಿ ಒಂದೂ ಹೊರಡಲಿಲ್ಲ. ಥೂ ನನ್ನ ಜನ್ಮಕ್ಕೆ! ಅತ್ತೆಯೇ ಹಿತ್ತಲಲ್ಲಿ ಕುಣಿ ತೋಡಿದರು. ಮಗಳು ಅವರನ್ನು ಹತ್ತಿರ ಬರಗೊಡಲಿಲ್ಲ, ನನ್ನ ಸೊಂಟ ತಬ್ಬಿಕೊಂಡು ಬಿಕ್ಕಿದಳು.

"ನೀ ಮನ್ಯಾಗ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ, ಅವ್ವಾ."

ನಾನು ಹೂಂ ಎಂದೆ.