ಎಲ್ಲ ಕಳಚಿದ ಮೇಲೆ

ಹೆಂಚಿನ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮ ಯಜಮಾನರಿಗೆ ವೇದಾಂತದ ಹುಚ್ಚು ಹಿಡಿಯಿತು. ವಾರಕ್ಕೊಮ್ಮೆ ಮಾಸ್ತಿಯಲ್ಲಿ ಬಸ್ಸು ಹತ್ತಿ ಮಾಲೂರಿಗೆ ಹೋಗಿ, ಸ್ವಾಮಿಗಳೊಬ್ಬರ ಪಾಠ ಕೇಳಿಕೊಂಡು ಬರುತ್ತಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ ನನಗೆ ಪಾಠ ಶುರು. ನಾವು 'ನಾನು' ಅಂದುಕೊಂಡಿರುವುದನ್ನೆಲ್ಲ ಒಂದೊಂದಾಗಿ ಕಳಚಬೇಕಂತೆ. ಹೆಸರು ನಾನಲ್ಲ, ಕೆಲಸ ನಾನಲ್ಲ, ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ. ಎಲ್ಲ ಕಳಚಿದ ಮೇಲೆ ಏನು ಉಳಿಯುತ್ತದೋ ಅದೇ ನಿಜವಾದ ನಾನು, ಅದು ಎಲ್ಲರೊಳಗೂ ಒಂದೇ ಅಂತೆ. ಹಾಗಾದರೆ ಬೆಳಗಾದರೆ ಕಾಫಿ ಕಾಫಿ ಅಂತ ಕೂಗುವುದು ಯಾರು ಅಂತ ನಾನು ಕೇಳುತ್ತಿದ್ದೆ. ಅವರಿಗೆ ನಗು ಬರುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಅದೇ ಕಾಲಕ್ಕೆ ನಮ್ಮತ್ತೆಗೆ ಮರೆವು ಹತ್ತಿತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತರು, ಆಮೇಲೆ ಬೀದಿ, ಆಮೇಲೆ ನನ್ನ ಹೆಸರು. ಮುಳಬಾಗಿಲು ಕಡೆಯ ಹೆಣ್ಣುಮಗಳು, ಹುಟ್ಟಿದ ಮನೆಯಲ್ಲಿ ತೆಲುಗು. ಮದುವೆಯಾಗಿ ಬಂದು ಕಲಿತ ಕನ್ನಡವೂ ಆಗಾಗ ಕೈಕೊಟ್ಟು, ನನ್ನನ್ನು ನೋಡಿ "ಎವುರಮ್ಮಾ ನುವ್ವು" ಅಂತ ಮರ್ಯಾದೆಯಿಂದಲೇ ಯಾರಮ್ಮಾ ನೀನು ಅಂತ ವಿಚಾರಿಸುತ್ತಿದ್ದರು. ನನ್ನೊಡನೆ ಅಷ್ಟು ವರ್ಷ ಜಗಳವಾಡಿದ್ದೂ ಅವರಿಗೆ ಮರೆತಿತ್ತು. ಅದೊಂದು ಲಾಭ ಅಂತ ತಮಾಷೆ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಜಗಳಗಳಿಲ್ಲದೆ ಮನೆ ನನಗೆ ಬಿಕೋ ಅನ್ನುತ್ತಿತ್ತು.

ಕಷ್ಟ ಬಂದದ್ದು ಊಟಕ್ಕೆ. ಮಗ ಸ್ಕೂಲಿಗೆ ಹೋಗಿದ್ದಾನೆ, ಅವನು ಬಂದು ಉಣ್ಣುವವರೆಗೆ ನಾನು ತುತ್ತು ಮುಟ್ಟುವುದಿಲ್ಲ ಅಂತ ಹಠ ಹಿಡಿದರು. ಅವರ ಮಗ ಬಿಳಿ ಮೀಸೆ ಹೊತ್ತು ಎದುರಿಗೇ ಕೂತಿದ್ದಾರೆ! ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಬರೀ ಹೊಟ್ಟೆಗೆ ಮಾತ್ರೆ ಕೊಡುವಂತಿಲ್ಲ, ಕೊಡದೆ ಬಿಡುವಂತಿಲ್ಲ. ಹೇಗಾದರೂ ತಿನ್ನಿಸಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಅಂತ ಕೋಲಾರದ ಡಾಕ್ಟರು ಎಚ್ಚರಿಸಿದ್ದರು.

ಯಜಮಾನರು ನಮ್ಮ ಮದುವೆ ಫೋಟೋ ತಂದು ತೋರಿಸಿದರು. ಚಿಕ್ಕಂದಿನಲ್ಲಿ ಹುಣಿಸೆ ಮರದಿಂದ ಬಿದ್ದು ಮಾಡಿಕೊಂಡ ಗಾಯದ ಗುರುತು ತೋರಿಸಿದರು. ಅತ್ತೆ ಎಲ್ಲವನ್ನೂ ಗಮನವಿಟ್ಟು ನೋಡಿ, ಚೆನ್ನಾಗಿದೆ ಅಂದು, ಬಾಗಿಲ ಕಡೆಗೇ ಕಣ್ಣು ನೆಟ್ಟರು. ಕೊನೆಗೆ ಇವರು ತಾಳ್ಮೆಗೆಟ್ಟು, "ನಾನೇ ಕಣಮ್ಮಾ ನಿನ್ ಮಗ, ನೋಡಮ್ಮಾ ನನ್ನ" ಅಂತ ಅವರ ಭುಜ ಹಿಡಿದು ಅಲುಗಿಸಿಬಿಟ್ಟರು. ಅತ್ತೆ ಹೆದರಿ ಗೋಡೆಗೆ ಸರಿದು ಕೂತರು. ಯಾರೋ ದೊಡ್ಡ ಗಂಡಸು ಬಂದು ನಿನ್ನ ಮಗ ಅಂದರೆ ಯಾವ ತಾಯಿ ತಾನೆ ನಂಬುತ್ತಾಳೆ?

ಇವರು ಹಿತ್ತಲಿಗೆ ಹೋಗಿ ಕೊಟ್ಟಿಗೆಯ ಕಲ್ಲಿನ ಮೇಲೆ ಕೂತು ಅತ್ತರು. ಯಾರ ಮಗನೂ ಅಲ್ಲ ಅಂತ ಹೇಳಿಕೊಡುತ್ತಿದ್ದವರು ನೀವೇ ಅಲ್ಲವೇ ಅನ್ನುವ ಮಾತು ನನ್ನ ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡೆ. ಬಾಯಿ ಜೋರಿದ್ದರೂ ನಾನು ಅಷ್ಟು ಕೆಟ್ಟವಳಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಮುದ್ದೆ ಬಿಸಿ ಮಾಡಿ ಅಮ್ಮನ ಮುಂದೆ ಇಡು ಅಂದರು. ಆಮೇಲೆ ಮನೆ ಬಳಸಿಕೊಂಡು ಹೋಗಿ ಮುಂಬಾಗಿಲ ಹತ್ತಿರ ನಿಂತರು.

"ಅಮ್ಮಾ, ದೂರದಿಂದ ಬಂದಿದೀನಿ. ಹೊಟ್ಟೆ ಹಸೀತೈತೆ."

ಅತ್ತೆ ತಲೆಯೆತ್ತಿ "ಎವುರು ನಾಯನಾ" ಅಂದರು. ಯಾರಪ್ಪಾ ನೀನು ಅಂತ. ಇವರು ಹೆಸರು ಹೇಳಲಿಲ್ಲ, ಮಗ ಅನ್ನಲಿಲ್ಲ. ಯಾರೋ ಒಬ್ಬ ಅಂದರು.

ಅತ್ತೆಯ ಮುಖ ಬದಲಾಯಿತು. ಒಳಗೆ ಬಾ ಅಂತ ಕರೆದು, ತಮ್ಮ ತಟ್ಟೆಯನ್ನೇ ಅವರ ಕಡೆ ಸರಿಸಿ, ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ಅವರ ಕೈಗಿಟ್ಟರು. ಹಸಿದು ಬಂದವರನ್ನು ಒಬ್ಬರೇ ಉಣ್ಣಲು ಬಿಡಬಾರದು, ಸಂಕೋಚವಾಗುತ್ತದೆ, ಮನೆಯವರೂ ಜೊತೆಗೆ ಒಂದು ತುತ್ತು ಬಾಯಿಗಿಡಬೇಕು. ಅದು ಅವರ ತವರಿನ ಕಡೆಯ ಪದ್ಧತಿ. ಇವರು ತುತ್ತು ಕೈಯಲ್ಲೇ ಹಿಡಿದು ಕಾದರು. ಅತ್ತೆ ಅವರ ಸಂಕೋಚ ನೋಡಲಾರದೆ ತಾವೂ ಒಂದು ತುಣುಕು ಮುರಿದು ನುಂಗಿದರು. ಇವರು ತಿಂದಂತೆಲ್ಲ ಅವರೂ ತಿಂದರು.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ. ನನಗೆ ವೇದಾಂತ ತಿಳಿಯದು. ಆದರೆ ಹೆಸರು, ಊರು, ಗಂಡ, ಕಣ್ಣೆದುರಿನ ಮಗ, ಎಲ್ಲವೂ ಕಳಚಿಹೋದ ಮುದುಕಿಯಲ್ಲಿ ಏನು ಉಳಿದಿತ್ತು ಅನ್ನುವುದನ್ನು ಅವತ್ತು ಕಣ್ಣಾರೆ ಕಂಡೆ. ಇನ್ನೊಬ್ಬರ ಹಸಿವು ಅವರಿಗೆ ತಮ್ಮದೇ ಆಗಿತ್ತು. ದೇವರು ಅನ್ನುವುದು ಅದಕ್ಕಿಂತ ದೊಡ್ಡದೇನೋ ಆಗಿದ್ದರೆ ಆಗಿರಲಿ, ನನಗೆ ಇಷ್ಟು ಸಾಕು.

ತಟ್ಟೆ ಖಾಲಿಯಾಗುತ್ತಾ ಬಂದಾಗ ಅತ್ತೆ ಇವರ ಮುಖ ದಿಟ್ಟಿಸಿ, ಮನೆಯಲ್ಲಿ ಅಮ್ಮ ಇದ್ದಾಳಾ ಅಂತ ಕೇಳಿದರು. ಇದ್ದಾಳೆ ಅಂದರು ಇವರು.

"ಹಂಗಾದ್ರೆ ಬಿರ್ರನೆ ಹೋಗಪ್ಪಾ. ನೀನು ಬರೋಗಂಟ ಅವಳೂ ಉಂಡಿರಲ್ಲ."

ಇವರು ಏಳಲಿಲ್ಲ. ತಲೆ ತಗ್ಗಿಸಿಕೊಂಡು, ಇನ್ನೊಂದು ತುತ್ತು ಕೊಡಮ್ಮಾ ಅಂತ ಕೈ ಚಾಚಿದರು.