ಗಿರಿಜತ್ತೆ ದೊಡ್ಡಪ್ಪನಾದ ಸಂಜೆ

ಮೊನ್ನೆ ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚುವ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಮೇಕಪ್ಪಿನವರು ಒಬ್ಬ ಹುಡುಗಿಯ ಮೂಗಿನ ಕೆಳಗೆ ಸಣ್ಣ ಕುಂಚದಿಂದ ಅಂಟು ಸವರಿ ಮೀಸೆ ಒತ್ತುತ್ತಿದ್ದರು. ಆ ಅಂಟಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಮೊದಲು ಸ್ಪಿರಿಟ್ಟಿನ ಘಾಟು, ಅದರ ಬೆನ್ನಿಗೇ ಧೂಪ ಹಾಕಿದಂತೆ ಮರದ ರಾಳದ ಸಿಹಿ. ಅದು ಮೂಗಿಗೆ ಬಡಿದದ್ದೇ ತಡ, ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಹಳೆಯ ಮನೆಯಲ್ಲಿದ್ದೆ. ನಡುಮನೆಯ ಗೋಡೆಗೆ ತೂಗುಹಾಕಿದ್ದ ಕನ್ನಡಿಯ ಮುಂದೆ ಅಪ್ಪನ ತಂಗಿ, ನಮ್ಮ ಗಿರಿಜತ್ತೆ, ನಾಟಕದ ತಾಲೀಮಿಗೆಂದು ತನ್ನ ಮೇಲ್ದುಟಿಗೆ ಮೀಸೆ ಅಂಟಿಸಿಕೊಂಡು, ಕತ್ತು ಅತ್ತಿತ್ತ ಹೊರಳಿಸಿ ನೋಡಿಕೊಳ್ಳುತ್ತಿದ್ದಳು. ಅಂಗಳದ ತಂತಿಯ ಮೇಲೆ ಒಣಹಾಕಿದ ಬಟ್ಟೆಗೆ ಎಂದಿನಂತೆ ಕರಿ ಧೂಳು ಕೂತಿತ್ತು. ಪಕ್ಕದ ಮನೆಯ ಸೆಲ್ವಿಯಕ್ಕ ಅದನ್ನು ಕೊಡವುತ್ತ ಕಾರ್ಖಾನೆಯ ಚಿಮಣಿಗೆ ತಮಿಳಿನಲ್ಲಿ ಶಾಪ ಹಾಕುತ್ತಿದ್ದಳು. ಪಾಳಿ ಮುಗಿದ ಸೈರನ್ ಕೂಗುತ್ತಿತ್ತು. ನಿಮ್ಮ ಬಾಲ್ಯದಲ್ಲೂ ಇಂಥ ಒಂದು ಮನೆ ಇದ್ದಿರಬಹುದು, ಈಗ ಹೋಗಿ ಬಾಗಿಲು ತಟ್ಟಲು ಬಾಗಿಲೇ ಇಲ್ಲದಂಥದ್ದು.

ಅತ್ತೆ ನಮ್ಮ ಮನೆಗೆ ಬಂದು ಸೇರಿದ್ದಕ್ಕೆ ಕಾರಣ ದೊಡ್ಡಪ್ಪ. ಅವನು ಅಪ್ಪನ ಅಣ್ಣ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವನು. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ, ಅಷ್ಟು ಸ್ವಾತಂತ್ರ್ಯ ನನಗಿರಲಿ. ನಾನು ಹುಟ್ಟುವ ಮೊದಲು, ತಾತ ತೀರಿಹೋದ ಮೇಲೆ, ಇಡೀ ಮನೆ ಅವನ ಮಾತಿನಂತೆ ನಡೆಯುತ್ತಿತ್ತು. ಆಗ ಅವರೆಲ್ಲ ಕೋಟೆಯ ಹತ್ತಿರದ ಮನೆಯಲ್ಲಿದ್ದರು. ಅತ್ತೆ ಬಿ.ಎ. ಓದುತ್ತಿದ್ದಳು. ಕಾಲೇಜಿನ ನಾಟಕದಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದ ದಿನ ದೊಡ್ಡಪ್ಪ ಸೀದಾ ರಂಗದ ಮೇಲೆ ಹತ್ತಿ, ಆಡುತ್ತಿದ್ದವಳ ಮುಂಗೈ ಹಿಡಿದು, ಸೇರಿದ್ದ ಜನರ ನಡುವೆ ಎಳೆದುಕೊಂಡು ಹೊರಟ. ‘ಮನೆ ಮಾನ ಬಣ್ಣ ಬಳ್ಕೊಂಡು ನಿಂತಿದೆ, ನಡಿ,’ ಅಂದನಂತೆ. ಆಟೋ ಕರೆಯಲಿಲ್ಲ. ಬೆವರಿಗೆ ಬಣ್ಣ ಇಳಿಯುತ್ತಿದ್ದ ಮುಖದಲ್ಲೇ ಅವಳನ್ನು ಗಾಂಧಿ ಬಜಾರಿನ ಉದ್ದಕ್ಕೂ ನಡೆಸಿಕೊಂಡು ಹೋದ. ಮಾರನೆಯ ದಿನದಿಂದ ಕಾಲೇಜು ಬಂದ್. ಆಮೇಲೆ ಬಂದ ಗಂಡುಗಳೆಲ್ಲ ಒಂದೇ ಮಾತಾಡಿ ಹಿಂದೆ ಸರಿದರು: ಬಜಾರಿನಲ್ಲಿ ಅಣ್ಣ ಎಳ್ಕೊಂಡು ಹೋದನಲ್ಲ, ಆ ಹುಡುಗಿ ತಾನೇ? ಮಾನ ಕಳೆದದ್ದು ನಾಟಕವಲ್ಲ, ಅವನ ಮೆರವಣಿಗೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಕ್ವಾರ್ಟರ್ಸ್ ಕೊಟ್ಟಾಗ ಅತ್ತೆ ಒಂದು ಟ್ರಂಕು ಹಿಡಿದು ಅವನ ಜೊತೆ ಬಂದುಬಿಟ್ಟಳು.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಟನೆ ಮತ್ತು ರಂಗಭೂಮಿ ಕಲಿಸುವ ಡಿಪ್ಲೊಮಾ ಶುರುವಾಯಿತು. ಪಿಯುಸಿ ಪಾಸಾಗಿದ್ದರೆ ಸಾಕು, ವಯಸ್ಸಿನ ಮಿತಿ ಇರಲಿಲ್ಲ. ಅತ್ತೆಗೆ ಆಗ ನಲವತ್ತರ ಹತ್ತಿರ. ಕ್ವಾರ್ಟರ್ಸಿನ ಮಕ್ಕಳಿಗೆ ಮನೆಪಾಠ ಹೇಳಿಕೊಂಡಿದ್ದವಳು ಒಂದು ಬೆಳಿಗ್ಗೆ ಅಪ್ಪನಿಗೆ ತಟ್ಟೆ ಇಡುತ್ತ, ‘ಸಣ್ಣಣ್ಣ, ನಾನು ನಾಟಕ ಓದಕ್ಕೆ ಸೇರ್ಕಂಡಿದೀನಿ,’ ಎಂದಳು. ಕೇಳಿದ್ದಲ್ಲ, ತಿಳಿಸಿದ್ದು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ‘ಈ ವಯಸ್ಸಲ್ಲಾ?’ ಎಂದ.

‘ವಯಸ್ಸು ತಿಂದಿದ್ದು ಅವ್ನು. ನಾನಲ್ಲ,’ ಎಂದಳು ಅತ್ತೆ. ಅಪ್ಪ ಮತ್ತೆ ರೊಟ್ಟಿ ಮುರಿಯತೊಡಗಿದ.

ಆ ವರ್ಷ ನಮ್ಮ ಮನೆಯ ಸದ್ದುಗಳೇ ಬದಲಾದವು. ಬೆಳಿಗ್ಗೆ ಏಳುವಷ್ಟರಲ್ಲಿ ಅತ್ತೆ ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ದಪ್ಪ ನಿಘಂಟು ಇಟ್ಟುಕೊಂಡು ಉಸಿರು ತುಂಬುತ್ತಿದ್ದಳು. ನಿಘಂಟು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ನೀರಿಲ್ಲದ ಹಂಡೆಯೊಳಗೆ ಮುಖ ಇಟ್ಟು ಅ ಆ ಇ ಈ ಎಂದು ದನಿ ತೆಗೆದರೆ ಬಚ್ಚಲಮನೆಯೇ ಗುಂಯ್‌ಗುಡುತ್ತಿತ್ತು. ‘ಉಸಿರಾಡೋದನ್ನೂ ಕಾಲೇಜಲ್ಲಿ ಹೇಳ್ಕೊಡ್ತಾರಾ ಮಾರಾಯ್ತಿ,’ ಎಂದು ಅಮ್ಮ ನಗುತ್ತಿದ್ದಳು. ಆಮೇಲೆ ಬೆನ್ನು ನೆಟ್ಟಗೆ ನಿಲ್ಲಿಸುವ ಪಾಠವನ್ನು ಅಮ್ಮನೂ ಕಲಿತು, ಸೊಂಟನೋವು ಕಡಿಮೆಯಾಯಿತು ಎಂದು ಸೆಲ್ವಿಯಕ್ಕನಿಗೂ ಹೇಳಿಕೊಟ್ಟಳು. ಅತ್ತೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಕ್ಲಾಸಿನವರೆಲ್ಲ ಅವಳ ಅರ್ಧ ವಯಸ್ಸಿನವರು, ಗಿರಿಜಕ್ಕ ಎನ್ನುತ್ತಿದ್ದರು. ಸಂಜೆ ಅವಳ ಸೀರೆಯ ಅಂಚಿಗೆ ರಂಗತಾಲೀಮಿನ ಕೋಣೆಯ ಧೂಳು ಅಂಟಿರುತ್ತಿತ್ತು. ಮುಖ ಮಾತ್ರ ಈಗ ತಾನೇ ತೊಳೆದಂತೆ ಇರುತ್ತಿತ್ತು. ಅವಳು ನಗುವುದನ್ನು ನಾನು ಸರಿಯಾಗಿ ನೋಡಿದ್ದು ಆ ವರ್ಷವೇ.

ಎರಡನೆಯ ಅವಧಿಯಲ್ಲಿ ನಟನೆಯ ಮೇಷ್ಟ್ರು ಒಂದು ಅಭ್ಯಾಸ ಕೊಟ್ಟರು. ನಿಮಗೆ ಗೊತ್ತಿರುವ ಒಬ್ಬ ಮನುಷ್ಯನನ್ನು ಆರಿಸಿಕೊಳ್ಳಿ, ಅವನು ನಡೆಯುವುದು, ಕೂರುವುದು, ಉಗುಳು ನುಂಗುವುದು ಎಲ್ಲವನ್ನೂ ತಿಂಗಳುಗಟ್ಟಲೆ ನೋಡಿ, ಆಮೇಲೆ ಅವನಾಗಿ ಬನ್ನಿ. ಅತ್ತೆ ಯಾರನ್ನು ಆರಿಸಿಕೊಂಡಳು, ಯಾಕೆ ಎಂದು ಕೇಳಿ ತಿಳಿದ ಮೇಲೆ ಮೇಷ್ಟ್ರು, ‘ದ್ವೇಷ ಇಟ್ಕೊಂಡು ನೋಡಿದ್ರೆ ಅರ್ಧ ಮನುಷ್ಯನೇ ಕಾಣೋದು ಗಿರಿಜಮ್ಮ,’ ಎಂದರಂತೆ. ಇವಳು, ‘ಸರ್, ಪ್ರೀತಿ ಇರೋರು ಕಣ್ಣು ಮುಚ್ಚಿಬಿಡ್ತಾರೆ. ದ್ವೇಷ ಇರೋರೇ ಕಣ್ಣು ಮಿಟುಕಿಸ್ದೆ ನೋಡೋದು,’ ಎಂದಳಂತೆ. ಮನೆಗೆ ಬಂದು ಇದನ್ನು ಹೇಳುವಾಗ ಅವಳ ಕಣ್ಣು ಕಡ್ಡಿ ಗೀರಿದಂತೆ ಹೊಳೆಯಿತು.

ಆಮೇಲೆ ಪ್ರತಿ ಭಾನುವಾರ ಅತ್ತೆ ನನ್ನನ್ನು ಕರೆದುಕೊಂಡು ರವೀಂದ್ರನಗರಕ್ಕೆ ಹೊರಟಳು. ಅಷ್ಟು ಹೊತ್ತಿಗೆ ದೊಡ್ಡಪ್ಪ ಅಲ್ಲಿ ಹೊಸ ಮನೆ ಕಟ್ಟಿಸಿದ್ದ. ಇಷ್ಟು ವರ್ಷ ಹಬ್ಬಕ್ಕೂ ಬಾರದ ತಂಗಿ ಬಂದು ಅಡುಗೆಮನೆಯಲ್ಲಿ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತ ಕೂತದ್ದನ್ನು ಕಂಡು ಅವನಿಗೆ ಖುಷಿಯಾಯಿತು. ‘ಬುದ್ಧಿ ಬಂತು ನೋಡು,’ ಎಂದು ದೊಡ್ಡಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು. ದೊಡ್ಡಮ್ಮ ಗಂಡನ ಎದುರು ತಲೆ ಎತ್ತದವಳು, ಹೂಂ ಎಂದಳು. ಅತ್ತೆ ಬಡಿಸುತ್ತ ನೋಡುತ್ತಿದ್ದಳು, ತಾಂಬೂಲದ ತಟ್ಟೆ ಕೊಡುತ್ತ ನೋಡುತ್ತಿದ್ದಳು. ಹೊಟ್ಟೆ ಮುಂದೆ ಬಿಟ್ಟು, ಭುಜ ಹಿಂದಕ್ಕೆ ಒಗೆದು, ಎಡಗೈಯಲ್ಲಿ ಪಂಚೆಯ ಚುಂಗು ಹಿಡಿದು ನಡೆಯುತ್ತಿದ್ದ ಅವನು. ಮಾತಿಗೆ ಮೊದಲು ಗಂಟಲಲ್ಲೇ ಒಂದು ಅರ್ಧ ಕೆಮ್ಮು. ಬಟ್ಟೆ ವ್ಯಾಪಾರಿಯ ಚಾಳಿ ಇನ್ನೊಂದಿತ್ತು: ಯಾರ ಜೊತೆ ಮಾತಾಡಿದರೂ ಅವರ ತೋಳಿನ ಅಂಚನ್ನೋ ಸೆರಗನ್ನೋ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದ. ನನ್ನ ಫ್ರಾಕಿನ ಅಂಚು ಉಜ್ಜಿ, ‘ಎರಡು ಸಲ ಒಗೆದ್ರೆ ಬಣ್ಣ ಹೋಗುತ್ತೆ. ನಿಮ್ಮಪ್ಪಂಗೆ ಬಟ್ಟೆ ತಿಳಿಯಲ್ಲ,’ ಎಂದಿದ್ದ. ಅದು ನನಗೆ ದೊಡ್ಡಮ್ಮ ದೀಪಾವಳಿಗೆ ಹೊಲಿಸಿಕೊಟ್ಟ ಫ್ರಾಕು, ಅವನದೇ ಅಂಗಡಿಯ ಬಟ್ಟೆ. ಅತ್ತೆ ಬಸ್ಸಿನಲ್ಲಿ ಇದನ್ನು ನೆನೆಸಿಕೊಂಡು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ನಗಲಿಲ್ಲ. ಅವನ ಮೇಲಿನ ಸಿಟ್ಟಿನಲ್ಲಿ ನನಗೂ ಒಂದು ಪಾಲು ಬಂದದ್ದು ಅಂದೇ ಇರಬೇಕು.

ವರ್ಷದ ಕೊನೆಗೆ ಪರೀಕ್ಷೆಯ ನಾಟಕ. ಹುಡುಗರೆಲ್ಲ ಸೇರಿ ತಾವೇ ಕಟ್ಟಿದ್ದರು: ಒಬ್ಬ ವ್ಯಾಪಾರಿ, ಅವನ ಬಿಗಿಮುಷ್ಟಿಯ ಮನೆ, ಅದರೊಳಗಿನ ಒಬ್ಬ ತಂಗಿ. ಯಜಮಾನನ ಪಾತ್ರಕ್ಕೆ ಗಂಡುಹುಡುಗರು ಕಾದಿದ್ದರೂ ಮೇಷ್ಟ್ರು ಅದನ್ನು ಅತ್ತೆಗೆ ಕೊಟ್ಟರು. ಆಟ ಶಿವಮೊಗ್ಗದ ಸಭಾಭವನದಲ್ಲಿ ಎಂದು ಗೊತ್ತಾದಾಗ ಅತ್ತೆ ಸೀರೆ ಬದಲಿಸಿ, ಹೂ ಮುಡಿದು, ನನ್ನನ್ನು ಕರೆದುಕೊಂಡು ಅಂಗಡಿಗೇ ಹೋದಳು. ದೊಡ್ಡಪ್ಪ ಗಾದಿಯ ಮೇಲೆ ಕೂತಿದ್ದ.

‘ಅಣ್ಣ, ನೀನು ಬರ್ಲೇಬೇಕು. ಮುಂದಿನ ಸಾಲಲ್ಲಿ ಜಾಗ ಹಿಡಿಸಿರ್ತೀನಿ.’

ಅವನು ಅರ್ಧ ಕೆಮ್ಮು ಕೆಮ್ಮಿದ. ‘ನೀನು ಬಣ್ಣ ಹಚ್ಕಂಡು ಕುಣಿಯೋದಿದ್ರೆ ನಾ ಬರಲ್ಲ.’

‘ಇಲ್ಲಣ್ಣ. ನಂಗೆ ಹೆಂಗಸಿನ ಪಾರ್ಟೇ ಇಲ್ಲ. ಬಜಾರಿನ ಯಜಮಾನ್ರನ್ನೂ ಕರ್ಕಂಡು ಬಾ, ಶೋಭೆ ಇರುತ್ತೆ.’

ಅವನು ಕರೆದುಕೊಂಡು ಬಂದ. ಬೆಳ್ಳಗಿನ ಪಂಚೆ, ಹಣೆಗೆ ಗೆರೆ ತಪ್ಪದ ವಿಭೂತಿ, ಅಕ್ಕಪಕ್ಕದಲ್ಲಿ ಬಜಾರಿನ ಅಂಗಡಿಕಾರರು, ಒಂದು ಕುರ್ಚಿ ಬಿಟ್ಟು ದೊಡ್ಡಮ್ಮ. ಅಪ್ಪ, ಅಮ್ಮ, ನಾನು ಅವರ ಹಿಂದಿನ ಸಾಲಿನಲ್ಲಿ. ತೆರೆ ಸರಿಯಿತು. ರಂಗದ ಆ ತುದಿಯಿಂದ ಹೊಟ್ಟೆ ಮುಂದೆ ಬಿಟ್ಟು, ಎಡಗೈಯಲ್ಲಿ ಪಂಚೆಯ ಚುಂಗು ಹಿಡಿದು ದೊಡ್ಡಪ್ಪ ನಡೆದು ಬಂದ. ನಿಂತ. ಅರ್ಧ ಕೆಮ್ಮು. ಎದುರು ಬಂದ ಆಳಿನ ಅಂಗಿಯ ತೋಳು ಹಿಡಿದು ಹೆಬ್ಬೆರಳಿನಲ್ಲಿ ಉಜ್ಜಿದ. ಅಷ್ಟೇ. ಮೊದಲು ನಕ್ಕವರು ಪಕ್ಕದಲ್ಲೇ ಕೂತಿದ್ದ ಪಾತ್ರೆ ಅಂಗಡಿಯವರು. ಅಲ್ಲಿಂದ ನಗು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹರಿಯಿತು. ದೊಡ್ಡಪ್ಪನ ಕತ್ತು ಕೆಂಪಾಗುವುದು ಹಿಂದೆ ಕೂತ ನನಗೆ ಚೆನ್ನಾಗಿ ಕಾಣುತ್ತಿತ್ತು. ಆ ಕೆಂಪನ್ನು ನಾನು ಹಬ್ಬದ ಅಡುಗೆಯಂತೆ ನಿಧಾನವಾಗಿ ಸವಿದೆ. ಇಂದಿಗೂ ಅದರ ರುಚಿ ಕೆಟ್ಟಿಲ್ಲ.

ಆಟ ಮುಂದುವರಿಯಿತು. ಯಜಮಾನನ ತಂಗಿ ಕದ್ದು ನಾಟಕಕ್ಕೆ ಸೇರಿರುತ್ತಾಳೆ. ಯಜಮಾನ ಹೋಗಿ ಅವಳ ಮುಂಗೈ ಹಿಡಿಯುತ್ತಾನೆ. ‘ಮನೆ ಮಾನ ಬಣ್ಣ ಬಳ್ಕೊಂಡು ನಿಂತಿದೆ, ನಡಿ.’ ಅದೇ ಮಾತು, ಅದೇ ದನಿ. ನಗು ಒಮ್ಮೆಲೇ ನಿಂತಿತು. ಬಜಾರಿನ ಹಿರಿಯರಿಗೆ ಆ ದಿನ ನೆನಪಿತ್ತು. ಅವರಲ್ಲಿ ಕೆಲವರು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದವರೇ. ಅತ್ತೆ ಆ ಹುಡುಗಿಯನ್ನು ಎಳೆದುಕೊಂಡು ರಂಗದ ಸುತ್ತ ನಡೆಸಿದಳು, ಆತುರವಿಲ್ಲದೆ, ಒಂದು ಇಡೀ ಬಜಾರಿನಷ್ಟು ದೂರ. ದೊಡ್ಡಪ್ಪ ಎದ್ದು ನಿಂತ.

ರಂಗದ ಮೇಲಿನ ದೊಡ್ಡಪ್ಪನೂ ನಿಂತ. ಅರ್ಧ ಕೆಮ್ಮು ಕೆಮ್ಮಿ, ಮುಂದಿನ ಸಾಲಿಗೆ ನೇರ ದಿಟ್ಟಿಸಿ ಹೇಳಿದ: ‘ಯಾರದು ಎದ್ದಿದ್ದು? ಕೂತ್ಕ. ಆಟ ಇನ್ನೂ ಮುಗ್ದಿಲ್ಲ.’

ಅವನು ಕೂತ. ತನ್ನದೇ ದನಿ ಗದರಿಸಿದ್ದಕ್ಕೆ ಮೈ ತಾನಾಗಿ ಮಣಿದಿರಬೇಕು. ತೆರೆ ಬೀಳುವ ತನಕ ಕೂತೇ ಇದ್ದ. ಆಮೇಲೆ ಹೊರಟುಹೋದ.

ಆಮೇಲೆ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ತನ್ನ ಹೊಸ್ತಿಲನ್ನು ನಮಗೂ ತುಳಿಯಗೊಡಲಿಲ್ಲ. ಅಂಗಡಿಯ ಮುಂದೆ ಹಮಾಲರೂ ಕಾಲೇಜು ಹುಡುಗರೂ ಅರ್ಧ ಕೆಮ್ಮು ಕೆಮ್ಮಿ ಹಾದುಹೋಗುತ್ತಾರೆಂದು, ಅವನು ಮಾತಿಗೆ ಮೊದಲು ಕೆಮ್ಮುವುದನ್ನೇ ಬಿಟ್ಟನೆಂದು ಸುದ್ದಿ ಬಂತು. ಅಪ್ಪ ಎರಡು ಕಡೆಗೂ ಬೆಂದ. ‘ಹಿರಿಯಣ್ಣ ಅಲ್ವೇನೆ, ಇಷ್ಟು ಬೇಕಿತ್ತಾ?’ ಎಂದು ಒಮ್ಮೆ ಕೇಳಿದ್ದಕ್ಕೆ ಅತ್ತೆ, ‘ಅವ್ನು ಎಳೆದಷ್ಟೇ ದೂರ ಎಳೆದೆ. ಒಂದು ಹೆಜ್ಜೆ ಜಾಸ್ತಿ ಹಾಕ್ಲಿಲ್ಲ,’ ಎಂದಳು. ಡಿಪ್ಲೊಮಾದಲ್ಲಿ ಅವಳೇ ಮೊದಲಿಗಳಾದಳು. ಕ್ವಾರ್ಟರ್ಸಿನ ಮಕ್ಕಳಿಗೆ ನಾಟಕ ಕಲಿಸತೊಡಗಿದಳು. ಕೆಲವು ವರ್ಷಗಳ ಮೇಲೆ ದೊಡ್ಡಪ್ಪ ತೀರಿಹೋದಾಗ ಅಪ್ಪ ಅಮ್ಮ ಹೋದರು. ಅತ್ತೆ ಅಂದು ಸಂಜೆಯೂ ಎಂದಿನಂತೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಸಿರಿನ ಪಾಠ ಹೇಳಿದಳು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ದೊಡ್ಡಮ್ಮ ಒಬ್ಬಳೇ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದಳು. ನಾನಾಗ ಕಾಲೇಜಿನಲ್ಲಿದ್ದೆ, ರಜೆಯಿತ್ತು. ಅಮ್ಮ ಕಾಫಿ ಕೊಟ್ಟಳು. ದೊಡ್ಡಮ್ಮ ಲೋಟ ಕೆಳಗಿಟ್ಟು, ‘ಗಿರಿಜಾ, ಅವತ್ತು ನಾನೂ ನಕ್ಕಿದ್ದೆ ಕಣೆ,’ ಎಂದಳು. ಆಮೇಲೆ, ‘ಅವ್ರ ನಡಿಗೆ ಈಗ ಕಣ್ಣಿಗೆ ಕಟ್ತಾ ಇಲ್ಲ. ಫೋಟೋದಲ್ಲಿ ಕೂತಿರ್ತಾರೆ. ಒಂದ್ಸಲ ಅವ್ರ ಹಂಗೆ ನಡ್ದು ತೋರ್ಸ್ತೀಯಾ?’

ಅತ್ತೆ ಎದ್ದಳು. ಸೀರೆಯ ಮೇಲೇ ಅಪ್ಪನ ಪಂಚೆ ಸುತ್ತಿಕೊಂಡು, ಅಡುಗೆಮನೆಯ ಬಾಗಿಲಿನಿಂದ ಬೀದಿ ಬಾಗಿಲ ತನಕ ನಡೆದಳು. ಹೊಟ್ಟೆ ಮುಂದೆ, ಭುಜ ಹಿಂದೆ. ದೊಡ್ಡಮ್ಮ ನೋಡಿ ತಲೆಯಾಡಿಸಿದಳು.

‘ಇದು ನೀನು ನೋಡಿದ್ದು. ಕೊನೆಕೊನೆಗೆ ಹಿಂಗಿರ್ಲಿಲ್ಲ.’

ಅವಳು ಮಂಡಿಗೆ ಕೈಯೂರಿ ಎದ್ದಳು. ಬದುಕಿನಲ್ಲಿ ಎಂದೂ ಯಾರ ಮುಂದೆಯೂ ಆಡಿ ತೋರಿಸದವಳು ಗೋಡೆಗೆ ಒಂದು ಅಂಗೈ ಆನಿಸಿ, ಎಡಗಾಲು ಎಳೆಯುತ್ತ, ಬಗ್ಗಿದ ಕತ್ತಿನಲ್ಲಿ ನೆಲವನ್ನು ಹುಡುಕುತ್ತ ನಡೆದಳು. ಬಾಗಿಲ ಹತ್ತಿರ ನಿಂತು ಬಾಗಿಲ ಪರದೆಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದಳು. ಬೆರಳು ಅದುರುತ್ತಿದ್ದವು, ಉಜ್ಜಲು ಆಗಲಿಲ್ಲ. ಅತ್ತೆ ಕಣ್ಣು ಮಿಟುಕಿಸದೆ ನೋಡಿದಳು.

‘ಅಷ್ಟು ಸೋತಿದ್ನಾ ಅತ್ತಿಗೆ?’

‘ಹೂಂ.’

‘ಹೇಳಿ ಕಳಿಸ್ಬೋದಿತ್ತು.’

‘ಹೇಳಿದ್ರೆ ಬರ್ತಿದ್ಯಾ?’

ಅತ್ತೆ ಪಂಚೆ ಬಿಚ್ಚಿ ನಿಧಾನವಾಗಿ ಮಡಚಿದಳು. ‘ಇಲ್ಲ,’ ಎಂದಳು.

ದೊಡ್ಡಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಬ್ಬರೂ ಬಿಸಿಲು ಇಳಿಯುವ ತನಕ ಪಕ್ಕಪಕ್ಕ ಕೂತು ಅವರೆಕಾಯಿ ಸುಲಿದರು. ಅವನ ಮಾತು ಮತ್ತೆ ಬರಲಿಲ್ಲ. ಈಗ ಕಾರ್ಖಾನೆಯ ಸದ್ದು ಅಡಗಿದೆ. ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಬಾಗಿಲು ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ, ನಡುಮನೆಯಲ್ಲಿ ಲಂಟಾನ ಬೆಳೆದಿದೆ. ದೊಡ್ಡಮ್ಮ ಹೋದಳು, ಅತ್ತೆ ಹೋದಳು, ಅಪ್ಪನೂ ಹೋದ. ದೊಡ್ಡಪ್ಪನ ಮೇಲೆ ಸಿಟ್ಟು ಇಟ್ಟುಕೊಂಡವರಲ್ಲಿ ಉಳಿದವಳು ನಾನೊಬ್ಬಳೇ. ಇಷ್ಟು ವರ್ಷವಾಯಿತು, ಇನ್ನಾದರೂ ಬಿಡು ಎಂದು ನನ್ನ ಗಂಡ ಹೇಳುತ್ತಾನೆ. ಬಿಡಲು ಮನಸ್ಸು ಬರುವುದಿಲ್ಲ. ಆ ಮನೆಯಿಂದ ನಾನು ತಂದುಕೊಂಡದ್ದರಲ್ಲಿ ಇನ್ನೂ ಬೆಚ್ಚಗಿರುವುದು ಅದೊಂದೇ.