ಗಿರಣಿಯವನು ಬಾಗಿಲು ತೆಗೆದ ಅಧ್ಯಾಯ

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುವವಳು. ಬೆಳಗಿನಿಂದ ಸಂಜೆಯವರೆಗೆ ಜನ ಫೋನಿನಲ್ಲಿ ನನ್ನ ಕಿವಿ ತೂತು ಮಾಡುತ್ತಾರೆ. ನಲ್ಲಿಯಲ್ಲಿ ನೀರಿಲ್ಲ, ಬಂದರೆ ಕೆಸರು, ಕೆಸರು ಹೋದರೆ ಬಿಲ್ಲು ಜಾಸ್ತಿ. ಎಲ್ಲರಿಗೂ "ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ" ಎಂದು ಒಪ್ಪಿಸಿ, ತಲೆ ಗಿಂ ಎನ್ನುವಾಗ ಮನೆಗೆ ಬಂದರೆ ಅಲ್ಲಿ ಎರಡನೇ ಪಾಳಿ ಕಾದಿರುತ್ತದೆ. ಆ ಪಾಳಿಗೆ ದೂರುದಾರ ಒಬ್ಬನೇ, ನಮ್ಮಪ್ಪ. ದೂರು ಮಾತ್ರ ನೂರೆಂಟು.

ಅಪ್ಪ ಬೀಗ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ಷಟರು, ಒಳಗೆ ಎಣ್ಣೆ ಕುಡಿದು ಕಪ್ಪಾದ ಮರದ ಮೇಜು, ಗೋಡೆಯ ಮೊಳೆಗಳಲ್ಲಿ ಗೊಂಚಲು ಗೊಂಚಲಾಗಿ ಇನ್ನೂ ಹಲ್ಲು ಕೊರೆಯದ ಬೀಗದ ಕೈಗಳು. ಎಷ್ಟು ಗುಡಿಸಿದರೂ ಹಿತ್ತಾಳೆಯ ಪುಡಿ ಅಡುಗೆಮನೆಯವರೆಗೆ ಬರುತ್ತದೆ. ಅಪ್ಪನ ಕಣ್ಣು ನಡುಭಾಗದಲ್ಲಿ ಮಂಜಾಗಿ ವರ್ಷಗಳಾದವು. ನೇರ ನೋಡಿದ್ದು ಕಾಣದು, ಪಕ್ಕದ್ದು ಅಷ್ಟಿಷ್ಟು ಕಾಣುತ್ತದೆ. ಬೀಗದೊಳಗಿನ ಸ್ಪ್ರಿಂಗು ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಕಾಣುತ್ತದೆ ಎಂದು ಹೇಳಿಕೊಂಡು ಕೆಲಸ ಬಿಟ್ಟಿಲ್ಲ.

ಕಣ್ಣು ಚೆನ್ನಾಗಿದ್ದಾಗಲೂ ಅಪ್ಪ ಪುಸ್ತಕವನ್ನು ಕೈಯಲ್ಲಿ ಹಿಡಿದವನಲ್ಲ. ಮಧ್ಯಾಹ್ನ ಊಟವಾದ ಮೇಲೆ ಷಟರು ಅರ್ಧಕ್ಕೆ ಇಳಿಸಿ, ಅಮ್ಮ ಸ್ಟೂಲಿನ ಮೇಲೆ ಕೂತು ಒಂದು ಅಧ್ಯಾಯ ಓದುತ್ತಿದ್ದಳು. ಅಪ್ಪ ಬೀಗದ ಕೈಗೆ ಅರ ಹಾಕುತ್ತಾ ಕೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಶುರುವಾದ ಅಭ್ಯಾಸ ಇದು. ದಿಂಬಿನಷ್ಟು ದಪ್ಪದ ಹಳೆಯ ಕಾದಂಬರಿಗಳು, ದೊಡ್ಡವರ ಆತ್ಮಕಥೆಗಳು, ಎಲ್ಲ ಅಮ್ಮನ ಬಾಯಿಂದಲೇ ಅಪ್ಪನ ತಲೆಗೆ ಇಳಿದವು. ಕಳ್ಳನಿಗೂ ರಾಣಿಗೂ ಅಮ್ಮನದು ಒಂದೇ ದನಿ, ಅಕ್ಕಿ ಆರಿಸುವಾಗ ಮಾತಾಡುವ ದನಿ.

ಹೋದ ವರ್ಷ ಅವಳ ಗಂಟಲಿಗೆ ಆಪರೇಷನ್ ಆಯಿತು. ಪಿಸುಮಾತು ಉಳಿಯಿತು, ಓದುವ ದನಿ ಹೋಯಿತು. ಅಪ್ಪ ಮಧ್ಯಾಹ್ನವೆಲ್ಲ ಮಂಕು ಬಡಿದವನಂತೆ ಕೂರುವುದನ್ನು ನೋಡಲಾಗದೆ ನಾನೇ ಅವನ ಫೋನಿಗೆ ಆಡಿಯೋ ಪುಸ್ತಕಗಳ ಆ್ಯಪ್ ಹಾಕಿಸಿಕೊಟ್ಟೆ. ಪುಣ್ಯ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ತಲೆನೋವು.

"ಏನಮ್ಮಾ ಇವನು, ಅಳ್ತಾನಲ್ಲ!" ಎಂದು ಮೊದಲ ದಿನವೇ ಷಟರಿನ ಹತ್ತಿರ ಅಡ್ಡಗಟ್ಟಿದ. "ಅಳಬೇಕಾದೋನು ನಾನು. ಓದೋನೇ ಅತ್ತುಬಿಟ್ರೆ ನನಗೇನು ಉಳೀತು?"

ಮಾರನೇ ದಿನ ಒಬ್ಬ ಮುದಿ ವೈದ್ಯನ ಆತ್ಮಕಥೆ. ಓದಿದವನು ಎಳೇ ಹುಡುಗ. "ಜೀವಮಾನವೆಲ್ಲ ರೋಗಿಗಳ ಜೊತೆ ಹೆಣಗಿದ ಮನುಷ್ಯನಪ್ಪಾ ಅದು! ಇವನ ಬಾಯಲ್ಲಿ ಸೋಪು ಮಾರೋರ ಹಾಗೆ ಕೇಳುತ್ತೆ. ಹೆಂಡತಿ ಸತ್ತಳು ಅನ್ನೋದನ್ನ ಇವತ್ತೇ ಕೊಂಡ್ಕೊಳ್ಳಿ ಅನ್ನೋ ಹಾಗೆ ಹೇಳ್ತಾನೆ." ಕಾದಂಬರಿಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಹಿಂದಿನಿಂದ ಕೊಳಲು. "ಕೊಳಲು ಶುರುವಾದ ಕೂಡಲೇ ಗೊತ್ತಾಗುತ್ತೆ ಒಬ್ಬರು ಹೋದ್ರು ಅಂತ. ಇನ್ನು ಕೇಳೋದೇನು, ಮಣ್ಣು?" ಒಬ್ಬ ಹೆಂಗಸು ಚೆನ್ನಾಗಿ ಓದುತ್ತಿದ್ದಳಂತೆ, ಆದರೆ ಗಂಡಸಿನ ಮಾತು ಬಂದರೆ ಗಂಟಲು ದಪ್ಪ ಮಾಡುತ್ತಿದ್ದಳು. "ಊರಿನ ಗಂಡಸರಿಗೆಲ್ಲ ನೆಗಡಿ" ಎಂದು ಅದನ್ನೂ ನಿಲ್ಲಿಸಿದ. ನಿವೃತ್ತ ನ್ಯಾಯಾಧೀಶರೊಬ್ಬರು ತಮ್ಮ ಆತ್ಮಕಥೆಯನ್ನು ತಾವೇ ಓದಿದ್ದು ಮಾತ್ರ ಪಾಸಾಯಿತು. ಅವರು ಕೆಮ್ಮುತ್ತಿದ್ದರು, ತಡವರಿಸುತ್ತಿದ್ದರು. "ಎಡವಿದ್ರೂ ಅವರದೇ ಕಾಲು" ಎಂದ ಅಪ್ಪ. ಹಾಗೆ ಅವನು ಮೆಚ್ಚಿದ್ದು ಅದೊಂದೇ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆ ಬೇರೆ ಇತ್ತು. ಕಂಪನಿಯವರು ಇಲ್ಲದ್ದನ್ನೆಲ್ಲ ಸೇರಿಸಿ ಪುಸ್ತಕವನ್ನು ಎಳೆಯುತ್ತಾರೆ ಅನ್ನುವುದು. "ಅರ್ಧ ಗಂಟೆ ಬೆಟ್ಟದ ಮೇಲೆ ಮೋಡ ಬಂತಂತೆ, ಹೋಯ್ತಂತೆ. ನಿಮ್ಮಮ್ಮ ಓದುವಾಗ ಆ ಬೆಟ್ಟ ಇರಲೇ ಇಲ್ಲ!"

ಅಮ್ಮ ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ವರ್ಣನೆ ಬಂದರೆ ಅವಳು ಪುಟ ಹಾರಿಸುತ್ತಿದ್ದದ್ದು ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪನಿಗೆ ಹೇಳಲು ಹೋಗಲಿಲ್ಲ. ಅವನು ಹೇಳಿದಂತೆ ಕಂಪನಿಗೆ ದೂರು ಬರೆದು ಕಳಿಸುತ್ತಿದ್ದೆ. "ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ" ಎಂದು ಉತ್ತರ ಬರುತ್ತಿತ್ತು. ಆ ವಾಕ್ಯ ಓದಿದರೆ ಎಷ್ಟು ಉರಿಯುತ್ತದೆ ಎಂದು ನನಗೆ ಆಗ ಗೊತ್ತಾಯಿತು.

ಹೀಗಿರುವಾಗ ಆ್ಯಪಿನಲ್ಲಿ, ಅಮ್ಮ ಹಿಂದೆ ಓದಿ ಹೇಳಿದ್ದ, ಗಿರಣಿಯವನ ಮಗಳ ಕಥೆಯ ಕಾದಂಬರಿ ಬಂತು.

ಇದು ನಮ್ಮ ಮನೆಯಲ್ಲಿ ಬರೀ ಕಾದಂಬರಿಯಲ್ಲ. ಗಂಡನ ಮನೆಯಲ್ಲಿ ಏಟು ತಿಂದ ಹುಡುಗಿ ಮಳೆಯಲ್ಲಿ ನಡೆದು ಬಂದು ಅಪ್ಪನ ಬಾಗಿಲು ಬಡಿಯುತ್ತಾಳೆ. ಹಿಟ್ಟಿನ ಗಿರಣಿಯ ಆ ಮುದುಕ ಬಾಗಿಲು ತೆಗೆದು, "ಒಳಗೆ ಬಾ, ಕೇಳೋದು ಆಮೇಲೆ" ಅನ್ನುತ್ತಾನೆ. ಆಮೇಲೆ ಹುಡುಗಿ ಗಿರಣಿಯನ್ನು ತಾನೇ ನಡೆಸುತ್ತಾಳೆ, ಕರೆಯಲು ಬಂದ ಗಂಡನಿಗೆ ಹಿಟ್ಟು ತೂಗಿ ಕೊಟ್ಟು ಕಳಿಸುತ್ತಾಳೆ. ಅಪ್ಪನಿಗೆ ಈ ಗಿರಣಿಯವನೆಂದರೆ ಪ್ರಾಣ. "ಗಂಡಸು ಅಂದ್ರೆ ಅವನು" ಎಂದು ಗಿರಾಕಿಗಳಿಗೂ ಹೇಳುತ್ತಿದ್ದ.

ನಾನು ಗಂಡನನ್ನು ಬಿಟ್ಟು ಬಂದವಳು, ಅಮ್ಮನ ದನಿ ಇನ್ನೂ ಚೆನ್ನಾಗಿದ್ದ ಕಾಲದಲ್ಲಿ. ಕಾರಣ ಇಲ್ಲಿ ಬೇಡ, ಅದರ ಗುರುತು ಇನ್ನೂ ನನ್ನ ಮೊಣಕೈಯಲ್ಲಿದೆ. ಬರುವ ಮೊದಲು ಅಮ್ಮನಿಗೆ ಫೋನ್ ಮಾಡಿದ್ದೆ. ಅವಳು ನಾಲ್ಕು ದಿನ ತಡಿ ಅಂದಳು. ತಡೆದು ಬಂದೆ. ಬಸ್ಸಿಳಿದು ಮತ್ತೆ ಮಾಡಿದರೆ, "ಅಲ್ಲೇ ಕೂತಿರು, ಮಧ್ಯಾಹ್ನ ಇಳಿದ ಮೇಲೆ ಬಾ" ಅಂದಳು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಸೂಟ್‌ಕೇಸು ತಬ್ಬಿಕೊಂಡು ಕೂತೆ. ಅಕ್ಕಪಕ್ಕದವರು ನೋಡಬಾರದು ಅಂತ ಅಮ್ಮ ಹೀಗೆ ಮಾಡಿದಳು ಎಂದುಕೊಂಡೆ, ಹೊಟ್ಟೆ ಉರಿದುಹೋಯಿತು. ಕೊನೆಗೆ ಬಂದು ಷಟರಿನ ಮುಂದೆ ನಿಂತಾಗ ಅಪ್ಪ ಕೈಯಲ್ಲಿದ್ದ ಅರ ಕೆಳಗಿಟ್ಟು ನನ್ನ ಸೂಟ್‌ಕೇಸು ತೆಗೆದುಕೊಂಡ. "ಒಳಗೆ ಬಾ, ಕೇಳೋದು ಆಮೇಲೆ" ಅಂದ. ಆಮೇಲೂ ಕೇಳಲಿಲ್ಲ.

ಅವತ್ತಿನಿಂದ ನನ್ನ ಪಾಲಿಗೆ ಅಪ್ಪ ದೇವರು. ಅಮ್ಮನ ಜೊತೆ ಮಾತು ಎಷ್ಟು ಬೇಕೋ ಅಷ್ಟೇ.

ಆ ಸಂಜೆ ನಾನು ಕಚೇರಿಯಿಂದ ಬಂದಾಗ ಅಪ್ಪ ಬೀದಿಯಲ್ಲೇ ನಿಂತಿದ್ದ. ಮುಖ ಕೆಂಪಗೆ.

"ಬಾಗಿಲು ತೆಗೆಯಲ್ಲ ಇವನು! ಗಿರಣಿಯವನು! ಮಗಳು ಹೊರಗೆ ಬಡಿದೂ ಬಡಿದೂ ಸಾಕಾಗಿ ಹೊಳೆ ಕಡೆ ಹೋಗ್ತಾಳೆ, ಇವನು ಒಳಗೆ ದೀಪ ಆರಿಸಿ ಕೂತಿರ್ತಾನೆ. ಮೇಲೆ ಕೊಳಲು ಬೇರೆ. ಯಾವ ಮನುಷ್ಯ ಹೀಗೆ ಮಾಡ್ತಾನೆ? ಬೆಟ್ಟ ಸೇರಿಸ್ಲಿ, ಮೋಡ ಸೇರಿಸ್ಲಿ, ಸುಮ್ಮನಿದ್ದೆ. ಇದನ್ನ ಬಿಡಲ್ಲ. ಫೋನ್ ಹಚ್ಚು ಅವರಿಗೆ."

"ನಾಳೆ ಹಚ್ಚೋಣ, ಚಪ್ಪಲಿಯಾದ್ರೂ ಬಿಡ್ತೀನಿ" ಎಂದು ರೇಗಿ ಒಳಗೆ ಹೋದೆ. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಈ ಸಲ ನಗುತ್ತಿರಲಿಲ್ಲ. ನನಗೆ ಏನೋ ಅನ್ನಿಸಿ ಕಪಾಟಿನಿಂದ ಪುಸ್ತಕ ತೆಗೆದು ನಿಂತಲ್ಲೇ ಹುಡುಕಿದೆ. ಗಿರಣಿಯವನು ಬಾಗಿಲು ತೆಗೆಯುವುದಿಲ್ಲ. ಹುಡುಗಿ ಹೊಳೆಗೆ ಹೋಗುತ್ತಾಳೆ. ಅಲ್ಲಿಂದ ಮುಂದೆ ಅರ್ಧ ಪುಸ್ತಕ ಆ ಮುದುಕನ ಕೊರಗು. ಗಿರಣಿ ನಡೆಸುವ ಮಗಳು, ಹಿಟ್ಟು ತೂಗಿಸಿಕೊಂಡು ಹೋದ ಗಂಡ, ಯಾವುದೂ ಎಲ್ಲೂ ಇಲ್ಲ.

ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಬಂದೆ. "ಅಮ್ಮಾ, ಏನಿದು?"

ಅಮ್ಮ ಒಲೆ ಆರಿಸಿದಳು. ಅವಳ ಪಿಸುಮಾತು ಕೇಳಬೇಕಾದರೆ ಹತ್ತಿರ ನಿಲ್ಲಬೇಕು. "ನಿನ್ನ ಫೋನ್ ಬಂದಾಗ ಈ ಪುಸ್ತಕ ಅರ್ಧ ಆಗಿತ್ತು. ನಾನು ಮುಂದೆ ಓದಿ ನೋಡ್ಕೊಂಡೆ. ಹೀಗಿದೆ. ಇದನ್ನ ಕೇಳಿದ ಮನುಷ್ಯ ನಿನ್ನ ಒಳಗೆ ಬಿಟ್ಕೊಳ್ತಾನಾ? ನಾಲ್ಕು ದಿನ ಯೋಚನೆ ಮಾಡ್ದೆ. ನೀನು ಬಸ್ ಸ್ಟ್ಯಾಂಡಲ್ಲಿ ಕೂತಿರುವಾಗ ಗಿರಣಿಯವನ ಕೈಲಿ ಬಾಗಿಲು ತೆಗೆಸ್ದೆ. ಆಮೇಲೆ ಎಷ್ಟೋ ದಿನ ಸುಮ್ಮನೆ ಪುಟ ಮಗುಚ್ತಾ ಬಾಯಿಗೆ ಬಂದದ್ದು ಹೇಳಿದೆ. ಮುಗಿಸೋಷ್ಟರಲ್ಲಿ ಸಾಕುಬೇಕಾಗಿ ಹೋಯ್ತು."

"ಅಪ್ಪ ಹೇಗಿದ್ರೂ ಬಿಟ್ಕೊಳ್ತಿದ್ದ."

ಅಮ್ಮ ನನ್ನನ್ನು ನೋಡಿದಳು. "ಇವರ ತಂಗಿ, ನಿಮ್ಮತ್ತೆ, ಯಾಕೆ ಈ ಮನೆಗೆ ಬರಲ್ಲ, ಕೇಳಿದ್ದೀಯಾ? ನೀನು ಹುಟ್ಟೋ ಮೊದಲು ಅವಳೂ ಹೀಗೇ ಬಂದಿದ್ಲು. ಒಳಗಿಂದ ಚಿಲಕ ಹಾಕಿದ್ದು ಇವರೇ. ನಾನು ಇದೇ ಅಡುಗೆಮನೆಯಲ್ಲಿ ನಿಂತಿದ್ದೆ. ಅವಳು ಗಂಡನ ಮನೆಗೇ ವಾಪಸ್ ಹೋದ್ಲು."

ಅತ್ತೆ ಮದುವೆ ಮುಂಜಿಗಳಲ್ಲಿ ಸಿಗುತ್ತಾರೆ. ಅಮ್ಮನ ಕೈ ಹಿಡಿದುಕೊಂಡು ಕೂರುತ್ತಾರೆ, ಅಪ್ಪ ಬಂದರೆ ಎದ್ದು ಹೋಗುತ್ತಾರೆ. ಆಸ್ತಿಯ ವಿಷಯ ಇರಬೇಕು ಅಂದುಕೊಂಡಿದ್ದೆ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಮ್ಮನ ಮೇಲೆ ಬಂತು, ಇಷ್ಟು ವರ್ಷ ತಪ್ಪು ಬಾಗಿಲಿಗೆ ಕೈ ಮುಗಿದ ನನ್ನ ಮೇಲೂ ಬಂತು. ಅಮ್ಮ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಡಬ್ಬಿಗಳ ಹಿಂದೆ ಸರಿಸಿದಳು. "ಹೇಳಬೇಡ. ಆ ಗಿರಣಿಯವನಾಗಿ ಬದುಕಿದ್ದಾರೆ, ಬದುಕ್ಲಿ ಬಿಡು" ಅಂದಳು.

ಬಿಡೋಣ ಅಂತಲೇ ಇದ್ದೆ. ಕಂಪನಿಯವರು ಬಿಡಬೇಕಲ್ಲ. ಅಪ್ಪ ಮರುದಿನ ಬೆಳಿಗ್ಗೆ ಪಕ್ಕದ ಟೈಲರ್ ಕೈಯಲ್ಲಿ ಫೋನ್ ಹಚ್ಚಿಸಿ ರಂಪ ಮಾಡಿದ್ದ. ಭಾನುವಾರ ನಾವು ಮೂವರೂ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅಲ್ಲಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಅಪ್ಪನ ಫೋನ್ ಯಾವಾಗಲೂ ಸ್ಪೀಕರಿನಲ್ಲೇ.

"ಸರ್, ಅಚ್ಚಾದ ಪುಸ್ತಕ ಮುಂದಿಟ್ಕೊಂಡು ಚೆಕ್ ಮಾಡಿದ್ವಿ. ಒಂದು ಸಾಲೂ ಸೇರಿಸಿಲ್ಲ, ಬಿಟ್ಟೂ ಇಲ್ಲ. ನಿಮ್ಮ ಹತ್ರ ಪುಸ್ತಕ ಇದ್ರೆ ಒಂದ್ಸಲ ನೋಡಿ ಸರ್."

"ಇದೆ ಕಣಮ್ಮಾ, ನೋಡ್ತೀನಿ!" ಎಂದು ಫೋನಿಟ್ಟು ನನ್ನ ಕಡೆ ತಿರುಗಿದ. "ತಗೊಂಡ್ಬಾ. ಆ ಅಧ್ಯಾಯ ಓದು. ಇವರ ಬಂಡವಾಳ ಬಯಲಾಗ್ಲಿ."

ಡಬ್ಬಿಗಳ ಹಿಂದಿನಿಂದ ಪುಸ್ತಕ ತಂದೆ. ಅಮ್ಮನ ಹಾಗೆ ಪುಟ ನೋಡುತ್ತಾ ಬೇರೆಯೇ ಹೇಳಿಬಿಡಬಹುದಿತ್ತು. ಹಾಗೇ ಶುರು ಮಾಡಿದೆ. ಹುಡುಗಿ ಬಾಗಿಲು ಬಡಿದಳು, ಮುದುಕ ಎದ್ದ, ಬಾಗಿಲ ಹತ್ತಿರ ಬಂದ... ಮುಂದಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ. ನಮ್ಮತ್ತೆ ಆ ಷಟರಿನ ಆಚೆ ನಿಂತಂತೆ ಕಾಣಿಸಿತು.

"ಓದು" ಎಂದು ಅಮ್ಮನೇ ಪಿಸುಗುಟ್ಟಿದಳು. "ಇದ್ದ ಹಾಗೆ ಓದು."

ಇದ್ದ ಹಾಗೆ ಓದಿದೆ. ದೀಪ ಆರಿತು, ಹುಡುಗಿ ಹೋದಳು. ಮುಗಿದ ಮೇಲೆ ಅಪ್ಪ ಮೇಜಿನ ಮೇಲಿನ ಬೀಗವೊಂದನ್ನು ಕೈಯಲ್ಲಿ ಹೊರಳಿಸಿದ.

"ಇವಳೇ, ನೀನು ಹೀಗೆ ಓದಿರಲಿಲ್ಲ."

"ಇಲ್ಲ."

"ಯಾಕೆ?"

"ಅವತ್ತು ಇವಳು ಬಸ್ ಸ್ಟ್ಯಾಂಡಲ್ಲಿ ಕೂತಿದ್ಲು."

ಅಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮೇಜು ಗುದ್ದಿದ, ಚಹಾ ಚೆಲ್ಲಿತು. "ಅಂದ್ರೆ ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ವಾ ನಿನಗೆ? ನನ್ನ ಮಗಳಿಗೆ ಬಾಗಿಲು ತೆಗೆಯೋಕೆ ನನಗೆ ಕಾದಂಬರಿ ಬೇಕಿತ್ತಾ? ತೆಗೀತಿದ್ದೆ ಕಣೇ ನಾನು!"

ಅಮ್ಮ ಚೆಲ್ಲಿದ ಚಹಾ ಒರೆಸುತ್ತಾ, "ತಂಗಿಗೆ ತೆಗೀಲಿಲ್ವಲ್ಲ ನೀವು" ಅಂದಳು.

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಬೀದಿಯಲ್ಲಿ ಯಾರೋ ಬೀಗದ ಕೈ ಕೇಳಿಕೊಂಡು ಬಂದರು, ನಾಳೆ ಬನ್ನಿ ಎಂದು ನಾನೇ ಕಳಿಸಿದೆ. ಅಪ್ಪನ ಮಂಜು ಕಣ್ಣು ಎಲ್ಲೋ ನೋಡುತ್ತಿತ್ತು. ಅಷ್ಟು ಮುದುಕನಾಗಿ ಅವನು ನನಗೆ ಎಂದೂ ಕಂಡಿರಲಿಲ್ಲ. ಕನಿಕರ ಬಂತು, ಆದರೂ ನಾನು ಸಮಾಧಾನ ಹೇಳಲಿಲ್ಲ.

"ಇಲ್ಲ, ತೆಗೀತಿರಲಿಲ್ಲ" ಎಂದ ಕೊನೆಗೆ. ಯಾರಿಗೆ ಹೇಳಿದನೋ. ಆಮೇಲೆ ಫೋನನ್ನು ನನ್ನ ಕಡೆ ಚಾಚಿದ. "ನಿಮ್ಮತ್ತೆ ನಂಬರ್ ಇದೆಯಾ ನಿನ್ನ ಹತ್ರ? ಹಚ್ಚು."

ಹಚ್ಚಿಕೊಟ್ಟೆ. ಅಪ್ಪ ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಕಡೆ ತುಂಬ ಹೊತ್ತು ರಿಂಗಾಯಿತು. ಎತ್ತಿದರು.

"ಯಾರು?"

"ನಾನಮ್ಮಾ. ಅಣ್ಣ."

ಸ್ಪೀಕರಿನಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಯಾವ ಅಣ್ಣ?" ಎಂದರು ಅತ್ತೆ.

ಅತ್ತೆಗೆ ಇರುವುದು ಒಬ್ಬನೇ ಅಣ್ಣ. ಅಪ್ಪ ಫೋನು ಇಡಲಿಲ್ಲ. ಆ ಕಡೆಯವರೂ ಇಡಲಿಲ್ಲ.